ಬೀಜದ ಖೋಲಿ

ದೇವಿಕೊಪ್ಪ
4 ಫೆಬ್ರುವರಿ 2024

ನರ್ಮದಾ,

ಪತ್ರ ಹೇಗೆ ಶುರು ಮಾಡಬೇಕೆಂದು ದುಮ್ಮವಾಡದ ಶಾಲೆಯಲ್ಲಿ ಕಲಿಸಿದ್ದು ನೆನಪಿದೆ. ಆದರೆ ನಾನು ಕ್ಷೇಮ ಎಂದು ಬರೆಯಲು ಕೈ ಏಳುವುದಿಲ್ಲ. ಅದನ್ನು ಬಿಟ್ಟು ಮುಂದಿನದನ್ನು ಬರೆಯುತ್ತೇನೆ.

ನಮ್ಮ ಮನೆಯವರು ತೀರಿಕೊಂಡ ಮೇಲಿನ ಶಿವಗಣಾರಾಧನೆಗೆ ನೀನು ಅಳ್ನಾವರದಿಂದ ಎರಡು ಬಸ್ಸು ಬದಲಿಸಿ ಬಂದೆ. ನನ್ನ ಬಾಜೂಕೆ ಕೂತು ಕೈ ಹಿಡಿದುಕೊಂಡೆ. ನಿನಗೆ ಒಂದು ಮಾತು ಹೇಳಬೇಕಿತ್ತು. ಆದರೆ ನಿನ್ನ ಕಿವಿ ಮಂದವಾದ ಮೇಲೆ ನಿನಗೆ ಹೇಳಿದ ಗುಟ್ಟು ಊರ ಅಗಸಿಯವರೆಗೆ ಕೇಳುತ್ತದೆ. ಫೋನಿನಲ್ಲೂ ಅದೇ ಗತಿ. ಹೋದ ವಾರ ನೀನು ಏನಂದಿ, ಏನಂದಿ ಎಂದು ಕೇಳುತ್ತಲೇ ಇದ್ದೆ, ನಾನು ಒದರುತ್ತಲೇ ಇದ್ದೆ. ಪಡಸಾಲೆಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಅದಕ್ಕೇ ಈ ಪತ್ರ. ಇವರ ಬಿತ್ತನೆಯ ವಹಿಯಲ್ಲಿ ಹಿಂದಿನ ಹಾಳೆಗಳು ಖಾಲಿ ಇದ್ದವು. ಅದರಲ್ಲಿ ಬರೆಯುತ್ತಿದ್ದೇನೆ.

ಆ ಮಾತು ಏನೆಂದರೆ ಇದು. ಮದುವೆಯಾಗಿ ನಲವತ್ಮೂರು ವರ್ಷ ನಾನು ಬೆಳಿಗ್ಗೆ ಐದಕ್ಕೆ ಎದ್ದು ಇವರಿಗೆ ಚಹಾ ಕಾಸಿದ್ದೇನೆ. ಬಾಣಂತನ ಬಿಟ್ಟರೆ ಒಂದು ದಿನವೂ ತಪ್ಪಿಲ್ಲ. ಆರಾಧನೆ ಮುಗಿದ ಮರುದಿನ ಐದಕ್ಕೆ ಎಚ್ಚರವಾಯಿತು. ಇನ್ನು ಏಳಬೇಕಾಗಿಲ್ಲ ಎಂದು ನೆನಪಾಯಿತು. ಆಗ ದುಃಖ ಬರುವುದಕ್ಕಿಂತ ಮೊದಲು ಮೈ ಹಗುರಾಯಿತು ನರ್ಮದಾ. ಹೊದಿಕೆ ಎಳೆದುಕೊಂಡು ಮತ್ತೆ ಮಲಗಿದೆ. ಆ ನಿದ್ದೆ ಎಷ್ಟು ಸವಿಯಾಗಿತ್ತೆಂದು ಯಾರ ಮುಂದೆ ಹೇಳಲಿ? ಎದ್ದ ಮೇಲೆ ನಾಚಿಕೆಯಾಗಿ ದಿನವೆಲ್ಲ ಅತ್ತೆ. ಮಂದಿ ಗಂಡನ ಸಲುವಾಗಿ ಅಳುತ್ತಾಳೆ ಎಂದುಕೊಂಡರು. ಅವರ ಸಲುವಾಗಿಯೂ ಅತ್ತಿದ್ದೇನೆ, ಅದು ಸುಳ್ಳಲ್ಲ.

ಇವರು ಕೆಟ್ಟವರಾಗಿರಲಿಲ್ಲ. ಕೈ ಎತ್ತಿದವರಲ್ಲ. ನಿನಗೇನು ಬೇಕು ಎಂದು ಕೇಳಿದವರೂ ಅಲ್ಲ.

ಈಗ ಏನು ಬೇಕೆಂದು ನನಗೆ ಗೊತ್ತಾಗಿದೆ. ನಮ್ಮ ಹಿತ್ತಲಲ್ಲಿ ಬೀಜದ ಖೋಲಿ ಇದೆಯಲ್ಲ, ಓಣಿಗೂ ಒಂದು ಬಾಗಿಲು ಇರುವುದು. ಇವರು ಗೋವಿನಜೋಳ, ಸೋಯಾ ಬೀಜ ಇಡುತ್ತಿದ್ದ ಜಾಗ. ಅಲ್ಲಿ ಮೂರು ಇಟ್ಟಂಗಿ ಇಟ್ಟು ಒಂದು ಒಲೆ ಹಾಕಿಕೊಂಡು ಒಬ್ಬಳೇ ಇರಬೇಕು. ನನಗೆ ಬೇಕಾದಾಗ ಏಳಬೇಕು, ಹಸಿವಾದಾಗ ತಿನ್ನಬೇಕು. ಮಗ ಗೌರೀಶ ಒಳ್ಳೆಯವನು. ಸೊಸೆ ಸೌಂದರ್ಯಾ ಇನ್ನೂ ಒಳ್ಳೆಯವಳು. ಅದೇ ತೊಡಕು. ಜಗಳವಾಡಿ ಹೊರಗೆ ಹೋಗುವವರನ್ನು ಊರು ಕಂಡಿದೆ. ಜಗಳವಿಲ್ಲದೆ ಹೋಗುವವಳನ್ನು ಕಂಡಿಲ್ಲ.

ನನಗೆ ಬುದ್ಧಿ ಕೆಟ್ಟಿದೆಯೇ? ತಿಳಿದವಳು ನೀನು, ಹೇಳು.

ನಿನ್ನ ನಂದಾ


ಅಳ್ನಾವರ
15 ಫೆಬ್ರುವರಿ 2024

ನಂದಾ,

ನಿನ್ನ ಅಕ್ಷರ ಇನ್ನೂ ಶಾಲೆಯ ಏಳನೆಯ ಇಯತ್ತೆಯಲ್ಲಿದ್ದ ಹಾಗೇ ಗುಂಡಗಿದೆ. ಓದಿ ಮೊದಲು ಅಕ್ಷರಕ್ಕೇ ಅಳು ಬಂತು. ನಮ್ಮ ಮನೆಯ ಅಡಿಗೆಮನೆ ಕಿಟಕಿ ನೆನಪಾಯಿತು. ಮಡಿ ಎಂದು ನಮ್ಮವ್ವ ನಿನ್ನನ್ನು ಒಳಗೆ ಬಿಡುತ್ತಿರಲಿಲ್ಲ. ನಾನು ಸರಳಿನ ನಡುವಿನಿಂದ ಚಕ್ಕುಲಿ ಕೊಡುತ್ತಿದ್ದೆ, ನೀನು ಉಟ್ಟ ಪರಕಾರದ ಅಂಚಿನಲ್ಲಿ ಕಟ್ಟಿಕೊಂಡು ಕವಳಿಹಣ್ಣು ತಂದು ಕೊಡುತ್ತಿದ್ದೆ. ದೊಡ್ಡವರಾದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಇರೋಣ, ಅಡಿಗೆಮನೆಗೆ ಬಾಗಿಲೇ ಬೇಡ ಎಂದಿದ್ದೆ ನೀನು.

ನಿನಗೆ ಬುದ್ಧಿ ಕೆಟ್ಟಿಲ್ಲ. ಆದರೆ ಒಬ್ಬಳೇ ಇರುವುದು ನೀನು ತಿಳಿದಷ್ಟು ಸಿಹಿಯೂ ಅಲ್ಲ. ಲಗ್ನವಿಲ್ಲದೆ, ಮೂವತ್ತು ವರ್ಷ ಮಾಸ್ತರಿಕೆ ಮಾಡಿ, ನನ್ನ ಒಲೆ ನಾನೇ ಹಚ್ಚಿಕೊಂಡವಳು ಹೇಳುತ್ತಿದ್ದೇನೆ. ಬೇಕಾದಾಗ ಏಳುತ್ತೇನೆ, ನಿಜ. ಜ್ವರ ಬಂದಾಗಲೂ ನಾನೇ ಏಳಬೇಕು, ಅದೂ ನಿಜ. ಒಬ್ಬಳಿಗೆಂದು ಹುಳಿ ಮಾಡಿದರೆ ಮೂರು ದಿನ ಅದೇ ಹುಳಿ. ರೇಲ್ವೆ ಸ್ಟೇಶನ್ನಿನ ಸದ್ದು ಒಂದು ಜೊತೆಗಿತ್ತು. ಕಿವಿ ಹೋದ ಮೇಲೆ ಅದೂ ಇಲ್ಲ. ನಿನ್ನ ಮನೆಯ ಗದ್ದಲ ಕಂಡು ನಾನು ಎಷ್ಟೋ ಸಲ ಹೊಟ್ಟೆ ಉರಿದುಕೊಂಡಿದ್ದೇನೆ. ನೀನು ನನ್ನ ಬೀಗದ ಕೈ ನೋಡಿ ಹೊಟ್ಟೆ ಉರಿದುಕೊಂಡೆ ಎಂದು ಇವತ್ತು ತಿಳಿಯಿತು. ನಕ್ಕೆ.

ಆದರೂ ಮಾಡು. ನಾನು ಬೇಡ ಎನ್ನುವವಳಲ್ಲ. ಆದರೆ ಒಂದು ಮಾತು ಕೇಳು. ಯಾರಿಗೂ ತಿಳಿಯುವ ಮೊದಲು, ಮಗನಿಗೂ ಹೇಳುವ ಮೊದಲು, ನಿನ್ನ ಬಾಯಿಂದಲೇ ಸೌಂದರ್ಯಾಳಿಗೆ ಹೇಳು. ಒಲೆ ಬೇರೆಯಾದರೆ ಊರು ಮೊದಲು ನೋಡುವುದು ಸೊಸೆಯ ಮುಖವನ್ನು.

ನರ್ಮದಾ


ದೇವಿಕೊಪ್ಪ
20 ಮಾರ್ಚ್ 2024

ನರ್ಮದಾ,

ನಿನ್ನ ಮಾತು ಕೇಳಲಿಲ್ಲ. ಕೇಳಬಾರದೆಂದಲ್ಲ. ದಿನಾ ಹೇಳಬೇಕೆಂದು ಹೋಗುತ್ತಿದ್ದೆ. ಸೌಂದರ್ಯಾ ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡು ನೀವು ಕೂಡ್ರಿ ಅತ್ತಿ ಎನ್ನುತ್ತಿದ್ದಳು. ಅಷ್ಟು ಮಮತೆಯಿಂದ ಮಾತಾಡುವವಳ ಮುಂದೆ ನಿನ್ನ ಜೊತೆ ಇರಲಾರೆ ಎಂದು ಹೇಗೆ ಹೇಳಲಿ?

ಶಿವರಾತ್ರಿಯ ಉಪವಾಸ ಬಿಟ್ಟ ಮೇಲೆ ಖೋಲಿ ಬಳಿಯಲು ಹೋದೆ. ಗೋಡೆಯ ಮೇಲೆ ಇವರು ಸುಣ್ಣದ ಕಡ್ಡಿಯಿಂದ ಬರೆದ ಬಿತ್ತನೆಯ ತಾರೀಖುಗಳಿವೆ, ಹದಿನೆಂಟು ವರ್ಷದವು. ಅಷ್ಟು ಜಾಗ ಬಿಟ್ಟು ಉಳಿದ ಗೋಡೆ ಸಾರಿಸಿದೆ. ಮೂಲೆಯಲ್ಲಿ ಒಂದು ಚೀಲ ಇತ್ತು. ಬಾಯಿಗೆ ಇವರೇ ಹಾಕಿದ ಗಂಟು. ಎಷ್ಟು ಹೆಣಗಿದರೂ ಬಿಚ್ಚಲಿಲ್ಲ. ಕುಡಗೋಲು ತಂದು ಕೊಯ್ಯಲು ಮನಸ್ಸಾಗಲಿಲ್ಲ. ಚೀಲದ ಮೇಲೆ ತಲೆ ಇಟ್ಟು ಸ್ವಲ್ಪ ಹೊತ್ತು ಕೂತೆ. ಖೋಲಿಯಲ್ಲಿ ಇವರ ವಾಸನೆ ಇನ್ನೂ ಇದೆ, ಬೀಜಕ್ಕೆ ಹಚ್ಚುವ ಔಷಧ ಮತ್ತು ಎಲೆಅಡಿಕೆ. ದೊಡ್ಡ ಮನೆಯಲ್ಲಿ ಅದನ್ನು ಎಲ್ಲರೂ ಕೂಡಿ ತೊಳೆದುಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಒಲೆ ಹಚ್ಚಿ ಒಂದು ಮುಷ್ಟಿ ನುಚ್ಚು ಬೇಯಿಸಿದೆ. ಸುಮ್ಮನೆ ಮಾಡಿ ತೋರಿಸಿದರೆ ಹೇಳುವ ಕೆಲಸ ತಪ್ಪುತ್ತದೆ ಎಂದುಕೊಂಡಿದ್ದೆ. ನನ್ನ ಹುಚ್ಚು ನೋಡು. ಹಂಚಿನ ಸಂದಿಯಿಂದ ಹೊಗೆ ಎದ್ದಿತು. ಒಂದು ಮನೆಯ ಮೇಲೆ ಎರಡು ಕಡೆ ಹೊಗೆ ಎದ್ದರೆ ಆ ಮನೆ ಒಡೆಯಿತು ಎಂದೇ ನಮ್ಮೂರಲ್ಲಿ ಅರ್ಥ. ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಯಿತು. ಸಂಜೆಗೆ ನನ್ನ ಭಾವ, ಇವರ ಅಣ್ಣ ಬಸವಣ್ಣೆಪ್ಪನವರು ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಬಂದರು.

ನಾನು ಎಂದಿನಂತೆ ಬಾಗಿಲ ಹಿಂದೆ ನಿಂತಿದ್ದೆ. ಭಾವನವರು ಕೇಳಿದರು: "ನಂದವ್ವಾ, ಸೊಸಿ ಏನರ ಅಂದಾಳೇನವಾ? ಅಂಜಬ್ಯಾಡ, ಹೇಳು."

ಅಷ್ಟು ಗಂಡಸರ ಮುಂದೆ, ನನಗೆ ಒಬ್ಬಳೇ ಇರುವ ಆಸೆ ಎನ್ನಲೇ? ಗಂಡ ಸತ್ತು ಮೂರು ತಿಂಗಳಾಗಿಲ್ಲ. ನಾನು ಸುಮ್ಮನಿದ್ದೆ. ನನ್ನ ಸುಮ್ಮನಿರುವಿಕೆಯನ್ನು ಅವರು ತಮಗೆ ತಿಳಿದಂತೆ ಓದಿಕೊಂಡರು. ಭಾವನವರು ಸೌಂದರ್ಯಾಳ ಕಡೆ ತಿರುಗಿ, "ಹಿರೇ ಜೀವಾನ ಬ್ಯಾರೆ ಒಲಿಗೆ ಹಚ್ಚಿದಿ. ಮಂದಿ ಬಾಯಾಗ ಏನ್ ಬರತೈತಿ ಅನ್ನೂ ಖಬರ ಐತೇನು ನಿನಗ?" ಎಂದರು. ಅವಳು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಆಮೇಲೆ ಪದ್ಧತಿಯಂತೆ ಪಾತ್ರೆ ಭಾಗ ಮಾಡಿದರು. ಒಂದು ಕೊಡ, ಎರಡು ತಾಟು, ಒಂದು ರೊಟ್ಟಿ ಹಂಚು. ಎಲ್ಲವನ್ನೂ ಸೌಂದರ್ಯಾಳೇ ಒಳಗಿನಿಂದ ಒಂದೊಂದಾಗಿ ತಂದು ನನ್ನ ಮುಂದೆ ಇಟ್ಟಳು. ಅವಳ ತವರಿನಿಂದ ಬಂದ ತಂಬಿಗೆಯನ್ನೂ ಇಟ್ಟಳು. ಗೌರೀಶ "ನಾ ಏನ್ ಕಡಿಮಿ ಮಾಡೇನವ್ವಾ?" ಎಂದು ಒಂದೇ ಸಲ ಕೇಳಿ ಹೊಲಕ್ಕೆ ಹೋದ.

ಸೌಂದರ್ಯಾ ಮಗಳು ರೋಹಿಣಿಯನ್ನು ಕರೆದುಕೊಂಡು ಎಂಟು ದಿನಕ್ಕೆಂದು ಅಣ್ಣಿಗೇರಿಯ ತವರಿಗೆ ಹೋದಳು. ಎಂಟು ದಿನ ಮುಗಿದಿದೆ. ಬರುವ ಸುದ್ದಿ ಇಲ್ಲ. ಗೌರೀಶನ ಫೋನು ಎತ್ತುವುದಿಲ್ಲ.

ಖೋಲಿಯಲ್ಲಿ ಒಬ್ಬಳೇ ಇದ್ದೇನೆ. ಬೇಕಾದದ್ದು ಸಿಕ್ಕಿದೆ, ಗಂಟಲಲ್ಲಿ ಇಳಿಯುತ್ತಿಲ್ಲ.

ನಂದಾ


ಅಳ್ನಾವರ
28 ಮಾರ್ಚ್ 2024

ನಂದಾ,

ನಿನ್ನ ಪತ್ರ ಓದಿ ಸಿಟ್ಟು ಬಂತು. ದುಃಖದಲ್ಲಿದ್ದವಳನ್ನು ಬೈಯಬಾರದೆಂದು ಮೂರು ದಿನ ತಡೆದೆ. ಇನ್ನು ಆಗದು.

ದುಮ್ಮವಾಡದ ಶಾಲೆಯಲ್ಲಿ ಗೋಡೆಗೆ ತೂಗುಹಾಕಿದ್ದ ಕರ್ನಾಟಕದ ನಕಾಶೆ ಹರಿದಿತ್ತು. ಇನ್ಸ್‌ಪೆಕ್ಟರರು ಬರುವ ದಿನ. ಯಾರು ಹರಿದರು ಎಂದು ಮಾಸ್ತರರು ಕೇಳಿದರು. ಹರಿದದ್ದು ನೀನು. ದುಮ್ಮವಾಡ ಎಲ್ಲಿದೆ ಎಂದು ಬೆರಳಿಂದ ಕೆದರುತ್ತಿದ್ದೆ, ನಾನು ಕಣ್ಣಾರೆ ನೋಡಿದ್ದೆ. ನಕಾಶೆಯ ಕೆಳಗೆ ಕೂಡುತ್ತಿದ್ದವಳು ನಾನು, ಆದ್ದರಿಂದ ಬೆತ್ತ ನನಗೆ ಬಿತ್ತು. ನೀನು ಆಗಲೂ ನೆಲ ನೋಡುತ್ತಿದ್ದೆ. ನಲವತ್ತೆಂಟು ವರ್ಷ ನಾನು ಇದನ್ನು ಎತ್ತಿಲ್ಲ. ನಿನ್ನ ಸಂಗ ಬಿಟ್ಟುಹೋದೀತೆಂದು ಎತ್ತಿಲ್ಲ.

ನನ್ನದನ್ನೂ ಹೇಳುತ್ತೇನೆ, ನಿನ್ನೊಬ್ಬಳನ್ನೇ ಬೈದ ಹಾಗಾಗಬಾರದು. ನೌಕರಿಗೆ ಸೇರಿದ ನಾಲ್ಕನೆಯ ವರ್ಷ ನಮ್ಮ ಶಾಲೆಯ ಶಿಶಿರ ಮಾಸ್ತರರು ಮನೆಗೆ ಬಂದು ನನ್ನ ಅಣ್ಣ ಪ್ರಭಂಜನನನ್ನು ಕೇಳಿದರು. ಅಣ್ಣ ಒಳಗೆ ಬಂದು, "ನಿನಗ ಮನಸದ ಏನು?" ಎಂದ. ನನಗೆ ಮನಸ್ಸಿತ್ತು. ಹುಡುಗಿ ತಾನಾಗಿ ಹೂಂ ಎನ್ನಬಾರದೆಂದು ಸುಮ್ಮನಿದ್ದೆ. ಅಣ್ಣ ಹೊರಗೆ ಹೋಗಿ, ಅವಳಿಗೆ ಒಪ್ಪಿಗೆ ಇಲ್ಲ ಎಂದ. ಅವರು ಚಹಾ ಕುಡಿದು ಹೋದರು. ಒಂದು ಹೂಂ, ನಂದಾ. ಅಷ್ಟೇ ಬೇಕಿದ್ದದ್ದು. ನಾನು ಬೇಕೆಂದು ಒಬ್ಬಳೇ ಉಳಿದೆ ಎಂದು ನೀನು ಇಷ್ಟು ವರ್ಷ ತಿಳಿದಿದ್ದೆಯಲ್ಲ, ಇದು ಅದರ ಮೂಲ.

ನನ್ನ ಸುಮ್ಮನಿರುವಿಕೆ ನನ್ನನ್ನು ಮಾತ್ರ ಸುಟ್ಟಿತು. ನಿನ್ನದು ಆ ಹುಡುಗಿಯ ಹೆಸರನ್ನು ಸುಡುತ್ತಿದೆ. ಅಣ್ಣಿಗೇರಿಗೆ ಹೋಗಿ ಬಾಯಿ ಬಿಡು. ಮಗನನ್ನು ಕಳಿಸಬೇಡ, ಪತ್ರ ಬರೆಯಬೇಡ. ನೀನೇ ಹೋಗು.

ನರ್ಮದಾ


ಅಳ್ನಾವರ
2 ಮೇ 2024

ನಂದಾ,

ತಿಂಗಳು ದಾಟಿತು. ನಕಾಶೆಯ ಮಾತು ಬರೆಯಬಾರದಿತ್ತೇ? ಬರೆದದ್ದಕ್ಕೆ ಪಶ್ಚಾತ್ತಾಪವಿಲ್ಲ, ನಿನ್ನನ್ನು ಕಳೆದುಕೊಂಡೆನೋ ಎಂಬ ಭಯವಿದೆ. ಒಂದು ಸಾಲು ಬರೆ.

ನರ್ಮದಾ


ದೇವಿಕೊಪ್ಪ
19 ಮೇ 2024

ನರ್ಮದಾ,

ಕಳೆದುಕೊಂಡಿಲ್ಲ. ಹೇಳುವುದಕ್ಕೆ ಏನಾದರೂ ಆಗಲಿ, ಆಮೇಲೆ ಬರೆಯೋಣ ಎಂದು ತಡೆದಿದ್ದೆ.

ನಕಾಶೆ ಹರಿದದ್ದು ನಾನೇ. ನಿನ್ನ ಅಂಗೈ ಮೇಲೆ ಬಾಸುಂಡೆ ಎದ್ದದ್ದನ್ನು ನೋಡಿದ್ದೆ. ನಿನಗೆ ಗೊತ್ತಿಲ್ಲ ಎಂದುಕೊಂಡು ಇಷ್ಟು ವರ್ಷ ನಿನ್ನ ಮುಂದೆ ಒಳ್ಳೆಯವಳಾಗಿದ್ದೆ. ನಿನ್ನ ಶಿಶಿರ ಮಾಸ್ತರರ ಸುದ್ದಿಯನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದಲು ಆಗಲಿಲ್ಲ.

ಹೋದ ಸೋಮವಾರ ಆಧಾರ್ ಕಾರ್ಡು ಸೆರಗಿಗೆ ಕಟ್ಟಿಕೊಂಡು ಹೊರಟೆ. ಗೌರೀಶ ತಾನೂ ಬರುತ್ತೇನೆ ಎಂದ. ಬೇಡ ಎಂದೆ. ನನಗೆ ಅರವತ್ತು ವರ್ಷ, ಅಲ್ಲಿಯವರೆಗೆ ಬಸ್ಸಿನಲ್ಲಿ ಒಬ್ಬಳೇ ಕೂತವಳಲ್ಲ. ಟಿಕೀಟು ಇವರ ಜೇಬಿನಲ್ಲಿ, ಕಿಟಕಿ ನನಗೆ, ಯಾವಾಗಲೂ ಹಾಗೇ. ಕಲಘಟಗಿ ದಾಟಿದ ಮೇಲೆ ಕಂಡಕ್ಟರ್ ಕಾರ್ಡು ನೋಡಿ, "ಯಾರ ಜೋಡಿ ಅದೀರಿ ಅಜ್ಜಿ?" ಎಂದ. ನಾನು ಪಕ್ಕಕ್ಕೆ ನೋಡಿದೆ. ಇವರು ಅಲ್ಲಿ ಇಲ್ಲವೆಂದು ಐದು ತಿಂಗಳಲ್ಲಿ ಅಷ್ಟು ಸ್ಪಷ್ಟವಾಗಿ ಎಂದೂ ಅನ್ನಿಸಿರಲಿಲ್ಲ. "ನಾನಽ ಒಬ್ಬಾಕಿ" ಎಂದೆ. ಹುಬ್ಬಳ್ಳಿ ಬರುವವರೆಗೆ ಅತ್ತೆ. ಬಸ್ಸಿನಲ್ಲಿ ಯಾರೂ ಕೇಳಲಿಲ್ಲ. ಯಾರೂ ಸಮಾಧಾನ ಮಾಡದೆ ಅಳುವುದರಲ್ಲಿ ಎಂಥ ನೆಮ್ಮದಿ ಇದೆ.

ಅಣ್ಣಿಗೇರಿಯಲ್ಲಿ ಮರವೇ ಇಲ್ಲ. ಕರಿ ನೆಲ ಬಿರುಕು ಬಿಟ್ಟು ಆಕಾಶದವರೆಗೆ ಬಿದ್ದಿತ್ತು. ಬೀಗತಿ ಬಸಕ್ಕನವರು ನೀರು, ಬೆಲ್ಲ ಕೊಟ್ಟು ಕುರ್ಚಿ ಹಾಕಿದರು. ಮರ್ಯಾದೆಗೆ ಕೊರತೆ ಇರಲಿಲ್ಲ, ಮುಖ ಮಾತ್ರ ಗಂಟಾಗಿತ್ತು. ಬೀಗರು ಬಾಗಿಲ ಹತ್ತಿರ ಕೂತಿದ್ದರು. ಸೌಂದರ್ಯಾ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದಳು, ಕರೆದರೂ ಇಳಿಯಲಿಲ್ಲ.

ಬಸಕ್ಕನವರೇ ಶುರು ಮಾಡಿದರು: "ನನ್ನ ಮಗಳು ಅತ್ತೀಗೆ ಅನ್ನಾ ಹಾಕಲಿಲ್ಲ ಅಂತ ನಮ್ಮ ಓಣಿತನಾ ಸುದ್ದಿ ಬಂದೈತ್ರಿ ಬೀಗತೇರ. ಈಗ ರೊಟ್ಟಿ ಬಡಿಯಾಕ ಮಂದಿ ಇಲ್ಲಂತ ಬಂದ್ರೇನು?"

ಎದ್ದು ನಿಂತೆ. ಕೂತರೆ ಮತ್ತೆ ನೆಲ ನೋಡುತ್ತೇನೆ ಎಂದು ಭಯವಾಗಿತ್ತು. ನಿನ್ನ ಜೊತೆ ಮಾತಾಡುವ ಹಾಗೆ ದನಿ ಎತ್ತರಿಸಿದೆ, ಮಾಳಿಗೆಯವರೆಗೆ ಕೇಳಲಿ ಎಂದು.

"ನಿಮ್ಮ ಮಗಳು ನನಗ ಒಂದ ಮಾತ ಅಂದಿಲ್ರಿ. ನನಗಽ ಒಬ್ಬಾಕಿ ಇರಬೇಕು ಅನ್ನಿಸ್ತು. ಹೇಳಾಕ ನಾಚಿಕಿ ಆತು, ಸುಮ್ಮನಿದ್ದೆ. ಬೈಗಳಾ ಅಕಿ ತಿಂದ್ಲು. ತಪ್ಪ ನಂದು."

ಬೀಗರು ಗೋಡೆ ನೋಡಿದರು. ಬಸಕ್ಕನವರು ನಾನು ಯಾವುದೋ ರೋಗದ ಹೆಸರು ಹೇಳಿದ ಹಾಗೆ, ಒಬ್ಬಾಕಿ ಇರುವುದೆಂದರೆ ಏನ್ರೀ ಅದು ಎಂದು ಕೇಳಿದರು. ನನಗೂ ಪೂರಾ ಗೊತ್ತಿಲ್ಲ ಎಂದೆ. ಅವರು ಇನ್ನೊಂದು ತುಂಡು ಬೆಲ್ಲ ತಾಟಿನಲ್ಲಿ ಇಟ್ಟರು.

ಮೆಟ್ಟಿಲು ಹತ್ತಿ ಮೇಲೆ ಹೋದೆ. ಸೌಂದರ್ಯಾ ತಲೆ ಎತ್ತದೆ ಸಂಡಿಗೆ ಇಡುತ್ತಲೇ ಇದ್ದಳು. ನಾನೂ ಕೂತು ಹಿಟ್ಟಿಗೆ ಕೈ ಹಾಕಿದೆ. ಒಂದು ಸಾಲು ಮುಗಿದ ಮೇಲೆ ಅವಳು ಮಾತಾಡಿದಳು.

"ಒಲಿ ಹಚ್ಚಿದ್ದಕ್ಕ ಸಿಟ್ಟಿಲ್ರಿ ನನಗ. ನನ್ನ ಕೇಳಿದ್ರ ನಾನಽ ಇಟ್ಟಂಗಿ ತಂದ ಕೊಡ್ತಿದ್ದೆ."

"ಹೌದವಾ," ಎಂದೆ.

ಇನ್ನೊಂದು ಸಾಲು ಮುಗಿಯಿತು.

"ನಮ್ಮ ಲಗ್ನಾಗಿ ಒಂಬತ್ತ ವರ್ಷಾತ್ರಿ ಅತ್ತಿ. ಬಾಗಲಾ ಹಾಕ್ಕೊಂಡು ಒಂದ ತಾಸು ಕುಂತಿಲ್ಲ ನಾನು. ಜಳಕದ ಮನಿ ಬಾಗಲಾನೂ ಯಾರರ ಬಡೀತಾರ. ನೀವು ಮುದುಕರಾದ ಮ್ಯಾಲರ ಖೋಲಿ ತಗೊಂಡ್ರಿ."

ಅವಳಿಗೆ ಮೂವತ್ತೊಂದು ವರ್ಷ, ನರ್ಮದಾ. ನನಗೆ ಆ ವಯಸ್ಸಿನಲ್ಲಿ ಹೀಗೆ ಕೇಳಬಹುದೆಂದೂ ಗೊತ್ತಿರಲಿಲ್ಲ. ಹಿಟ್ಟು ಮುಗಿಯುವವರೆಗೆ ಇಬ್ಬರೂ ಮಾತಾಡಿದೆವು. ಏನೇನು ಮಾತಾಡಿದೆವೆಂದು ನಿನಗೂ ಬರೆಯುವುದಿಲ್ಲ. ಮರುದಿನ ಅವಳು, ರೋಹಿಣಿ, ನಾನು, ಮೂವರೂ ಒಂದೇ ಸೀಟಿನಲ್ಲಿ ಕೂತು ಊರಿಗೆ ಬಂದೆವು.

ನಂದಾ


ದೇವಿಕೊಪ್ಪ
15 ಸೆಪ್ಟೆಂಬರ್ 2024, ಭಾನುವಾರ

ನರ್ಮದಾ,

ದಸರಾ ಮುಗಿದ ಮೇಲೆ ಬರುತ್ತೇನೆ ಎಂದು ಬರೆದಿದ್ದೀ. ಬಾ. ಆದರೆ ಭಾನುವಾರ ಬರಬೇಡ, ಸೋಮವಾರ ಬಾ. ಕಾರಣ ಹೇಳುತ್ತೇನೆ.

ಭಾವನವರಿಗೆ ಖರೆ ಸಂಗತಿ ಹೇಳಿದೆ. ಬಾಗಿಲ ಈಚೆ ನಿಂತು ಹೇಳಿದೆ. ಅವರು ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡು, ಜಗಳ ಇಲ್ಲ ಅಂದರೆ ಪಾತ್ರೆ ಯಾಕೆ ಭಾಗ ಮಾಡಿಸಿಕೊಂಡೆ, ತಿರುಗಿ ಕೊಡು ಎಂದರು. ಸೌಂದರ್ಯಾ ಒಳಗೆ ನಕ್ಕದ್ದು ಕೇಳಿಸಿತು. ಅವಳ ತವರಿನ ತಂಬಿಗೆ ಅಂದೇ ಕೊಟ್ಟೆ. ಉಳಿದವು ನನ್ನ ಹತ್ತಿರವೇ ಇವೆ. ಊರವರು ಈಗಲೂ ನಮ್ಮ ಮನೆ ಒಡೆದಿದೆ ಎಂದೇ ಹೇಳುತ್ತಾರೆ. ನಾವಿಬ್ಬರೂ ಕೂಡಿ ಶಾವಿಗೆ ಹೊಸೆಯುವುದನ್ನು ಕಂಡು ಅವರಿಗೆ ಲೆಕ್ಕ ಹತ್ತುವುದಿಲ್ಲ. ಗೌರೀಶ ಇನ್ನೂ ಪೂರಾ ಸರಿಯಾಗಿಲ್ಲ. ಆದರೆ ಹೊಲದಿಂದ ಬಂದು ಯಾವ ಬಾಗಿಲಲ್ಲಿ ವಾಸನೆ ಚೆನ್ನಾಗಿದೆಯೋ ಆ ಬಾಗಿಲಲ್ಲಿ ಕೂಡುತ್ತಾನೆ.

ನೀನು ಹೇಳಿದ ಮಾತೂ ಖರೆ. ಶ್ರಾವಣದಲ್ಲಿ ಎರಡು ದಿನ ಮೈ ಬಿಸಿಯಾಗಿ ಬಿದ್ದಿದ್ದೆ. ಹೊರಗೆ ಮಳೆ, ಒಳಗೆ ಗೋಡೆ ಮೇಲಿನ ಇವರ ಅಕ್ಷರ. ಈ ವರ್ಷದ ಬಿತ್ತನೆಯ ತಾರೀಖನ್ನು ಅದರ ಕೆಳಗೆ ನಾನೇ ಬರೆದಿದ್ದೇನೆ. ಇವರಿದ್ದಿದ್ದರೆ ಎಂದು ದಿನಕ್ಕೆ ಒಮ್ಮೆಯಾದರೂ ಅನ್ನಿಸುತ್ತದೆ. ಇವರಿದ್ದಿದ್ದರೆ ಈ ಖೋಲಿ ಇರುತ್ತಿರಲಿಲ್ಲ ಎಂದೂ ಅನ್ನಿಸುತ್ತದೆ. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಇರಬಹುದೇ ಎಂದು ಕೇಳಲು ನಿನ್ನ ಬಿಟ್ಟು ನನಗೆ ಯಾರಿದ್ದಾರೆ?

ಭಾನುವಾರದ ಕಾರಣ ಹೇಳುತ್ತೇನೆ ಎಂದೆನಲ್ಲ. ಭಾನುವಾರ ಎರಡರಿಂದ ನಾಲ್ಕರವರೆಗೆ ಖೋಲಿ ನನ್ನದಲ್ಲ. ಊಟದ ಪಾತ್ರೆ ತೊಳೆದಿಟ್ಟು ಸೌಂದರ್ಯಾ ಬರುತ್ತಾಳೆ, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಏನು ಮಾಡುತ್ತಾಳೆ ಎಂದು ನಾನು ಕೇಳಿಲ್ಲ. ಒಮ್ಮೊಮ್ಮೆ ರೇಡಿಯೋದ ಹಾಗೆ ಸಣ್ಣಗೆ ಏನೋ ಕೇಳಿಸುತ್ತದೆ. ಹೆಚ್ಚಾಗಿ ಏನೂ ಕೇಳಿಸುವುದಿಲ್ಲ. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಬಂದವರನ್ನು ತಿರುಗಿ ಕಳಿಸುತ್ತೇನೆ. ಮಹಿಳಾ ಸಂಘದವರು ಬಂದರೆ ನಾಳೆ ಬರ್ರಿ ಎನ್ನುತ್ತೇನೆ. ರೋಹಿಣಿಗೂ ಕಲಿಸಿದ್ದೇನೆ.

ಈ ಪತ್ರವನ್ನೂ ಅಲ್ಲೇ ಕೂತು ಬರೆಯುತ್ತಿದ್ದೆ. ಮೇಲಿನ ಸಾಲು ಬರೆಯುವಷ್ಟರಲ್ಲಿ ಭಾವನವರು ಬಂದರು. ಅವರ ಮೊಮ್ಮಗಳನ್ನು ನೋಡಲು ಕಲಘಟಗಿಯಿಂದ ಮಂದಿ ಬರುತ್ತಾರಂತೆ, ಉಪ್ಪಿಟ್ಟು ಕಲಸಲು ಸೌಂದರ್ಯಾ ಬೇಕಂತೆ.

"ಸೊಸಿ ಎಲ್ಲಿ?" ಎಂದರು.

"ಮನ್ಯಾಗಿಲ್ರಿ."

ಖೋಲಿಯ ಬಾಗಿಲ ಮುಂದೆ ಅವಳ ಚಪ್ಪಲಿ ಬಿದ್ದಿದ್ದವು, ಕೆಂಪು ಪಟ್ಟಿಯವು. ಭಾವನವರ ಕಣ್ಣು ಅವುಗಳ ಮೇಲೆ ಹೋಗಿ ನಿಂತಿತು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಭಾವನವರ ಎದುರಿಗೆ ನಾನು ಕಾಲಲ್ಲಿ ಚಪ್ಪಲಿ ಹಾಕಿದವಳಲ್ಲ. ಅವರು ಎದುರಾದರೆ ಕೈಯಲ್ಲಿ ಹಿಡಿದು ಪಕ್ಕಕ್ಕೆ ಸರಿಯುತ್ತಿದ್ದೆ. ಕಟ್ಟೆಯಿಂದ ಇಳಿದು, ನನ್ನವೇ ಎಂಬಂತೆ, ಆ ಚಪ್ಪಲಿಯಲ್ಲಿ ಕಾಲು ತೂರಿಸಿದೆ. ಒಂದು ಬೆರಳಿನಷ್ಟು ಸಣ್ಣವಾದವು.

"ಉಪ್ಪಿಟ್ಟ ನಾ ಕಲಸ್ತೇನಿ, ನಡೀರಿ," ಎಂದು ಅವರಿಗಿಂತ ಮುಂದೆ ಹೊರಟೆ. ಹೋಗುವಾಗ ರೋಹಿಣಿಯನ್ನು ಕಟ್ಟೆಯ ಮೇಲೆ ಕೂಡಿಸಿ, ನಾಲ್ಕರವರೆಗೆ ಯಾರನ್ನೂ ಬಿಡಬೇಡ ಎಂದು ಹೇಳಿದೆ. ಈಗ ತಿರುಗಿ ಬಂದು ಪತ್ರ ಮುಗಿಸುತ್ತಿದ್ದೇನೆ. ಚಿಲಕ ಇನ್ನೂ ತೆಗೆದಿಲ್ಲ.

ನಿನ್ನ ನಂದಾ